ಸಾವಿನ ಮನೆಯಲ್ಲಿ ಧಣಿ ಆಡಿದ ಮಾತು

“ಕೋಮಲ ಮೇಡಂ, ‘ಇಂದು ನಾನು ಡ್ರೈವರನ್ನಲ್ಲ, ಮಗನನ್ನೇ ಕಳೆದುಕೊಂಡೆ’ ಅಂತ ಕ್ವಾರಿ ಮಾಲೀಕ ನಾಗಮಲ್ಲಪ್ಪನವರು ನಿಮ್ಮ ಯಜಮಾನರ ಶವದ ಮುಂದೆ ಹೇಳಿದ್ದು ನಿಜಾನಾ?” ಫೋನಿನ ಸ್ಪೀಕರಿನಲ್ಲಿದ್ದ ಹುಡುಗಿ ಕೇಳಿದಳು. ಉದ್ಯಮಿಗಳ ಜೀವನಚರಿತ್ರೆ ಹಾಕುವ ವೆಬ್‌ಸೈಟಿನವಳು. ಅಲ್ಲಿನ ಧಣಿಯ ಚರಿತ್ರೆಯಲ್ಲಿದ್ದ ಆ ಮಾತು ಸುಳ್ಳೆಂದು ಯಾರೋ ದೂರಿದ್ದರು. ಕೋಮಲ ಹೌದೆಂದರೆ ಅದು ಉಳಿಯುತ್ತಿತ್ತು.

ಕ್ವಾರಿಯ ಮ್ಯಾನೇಜರ್ ಗುರುಮಲ್ಲು ಬೆಳಿಗ್ಗೆಯೇ ಕೌದಳ್ಳಿಯ ಅವಳ ಮನೆಗೆ ಬಂದು ಕೂತಿದ್ದ. “ಊಂ ಅಂದ್ಬುಡವ್ವ, ಸಾಕು,” ಎಂದು ಪಿಸುಗುಟ್ಟಿದ. “ಅನೂರು ಸ್ಕೂಲ್ನಲ್ಲಿ ನಿಂಗೆ ಟೀಚರ್ ಕೆಲ್ಸ ಕೊಟ್ಟೋರು ಯಾರು? ಧಣಿಯೋರಲ್ವಾ? ನಾಳಿಕ್ಕೂ ಓಗ್ಬೇಕು ತಾನೆ?”

ಕೋಮಲ ಅವನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿದಳು. ಎದೆನೋವಿನಿಂದ ಸತ್ತ ಗಂಡ ಮಹದೇವುವನ್ನು ಇದೇ ಜಗಲಿಯಲ್ಲಿ ಮಲಗಿಸಿದ್ದಾಗ ಇವನು ಧಣಿಯ ತಲೆಗೆ ಕೊಡೆ ಹಿಡಿದು ನಿಂತಿದ್ದ.

“ಅವರು ಬಂದಿದ್ದು ನಿಜ. ಮಾತಾಡಿದ್ದೂ ನಿಜ,” ಎಂದಳು. ಗುರುಮಲ್ಲು ನೆಮ್ಮದಿಯಿಂದ ಕಾಲು ಚಾಚಿದ.

“ಏನಂದರು ಮೇಡಂ?”

“‘ಗಾಡೀಲಿ ಕಲ್ಲು ಅಂಗೇ ನಿಂತದೆ, ಕೀ ಎಲ್ಲದೆ ಕಣಮ್ಮ?’ ಅಂದರು.”

“ಲೇ, ಬಾಯ್ಮುಚ್ಚು!” ಗುರುಮಲ್ಲು ಧಡಕ್ಕನೆ ಎದ್ದ.

ಆ ಕಡೆ ಹುಡುಗಿ ಟೈಪ್ ಮಾಡುವ ಸದ್ದು ಕೇಳಿಸಿತು. “ಅದನ್ನ ಬೇರೆ ಯಾರಾದರೂ ಕೇಳಿಸಿಕೊಂಡಿದ್ದಾರಾ?”

“ಒಬ್ಬರಿದ್ದಾರೆ. ಹೆಣದ ಜೇಬಿಗೆ ಕೈ ಹಾಕಿ ಕೀ ತೆಗೆದವರು. ಇಲ್ಲೇ ಇದ್ದಾರೆ, ಕೇಳಿ,” ಎಂದು ಕೋಮಲ ಫೋನನ್ನು ಗುರುಮಲ್ಲುವಿನ ಬಾಯಿಯ ಹತ್ತಿರ ಹಿಡಿದಳು.