ಹನ್ನೆರಡು ಆಳು ಆಳ

ಕೊಯ್ಲು ಶುರುವಾಗಿ ವಾರವಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಹೊಲದವರೆಲ್ಲ ನೆರಳು ಹಿಡಿದಿದ್ದರು. ಬಡಗಿ ಮಾತ್ರ ತನ್ನ ಕೆಲಸದ ಕೋಣೆಯಲ್ಲಿ ಕುಡುಗೋಲಿನ ಹಿಡಿಗಳನ್ನು ಹೆರೆಯುತ್ತಿದ್ದ. ಭಾನುವಾರವಾದ್ದರಿಂದ ಅವನ ಅಕ್ಕನ ಮಕ್ಕಳಿಬ್ಬರೂ ಆಟಕ್ಕೆ ಬಂದು ಕೂತಿದ್ದರು: ಹಾಲಿನ ವ್ಯಾನ್ ಓಡಿಸುವ ಅಣ್ಣ, ಬಟ್ಟೆ ಹೊಲಿಯುವ ತಂಗಿ. ಇಬ್ಬರಿಗೂ ನಲವತ್ತು ದಾಟಿತ್ತು. ಆಟವೆಂದರೆ ಒಬ್ಬೊಬ್ಬರು ಒಂದೊಂದು ವೀರನ ಪಾತ್ರ ಹೊರುವುದು, ಬಡಗಿ ಕಥೆ ಹೇಳುತ್ತ ಅವರನ್ನು ಕಾಡು ಕೋಟೆ ಸುತ್ತಿಸುವುದು, ಬದುಕೋ ಸಾವೋ ಎಂಬಲ್ಲಿ ದಾಳ ಉರುಳಿಸುವುದು.

ಈ ಸಲ ಬೆಂಚಿನ ಮೇಲೆ ಆಟದ ನಿಯಮಗಳ ಪುಸ್ತಕದ ಹೊಸ ಆವೃತ್ತಿ ಇತ್ತು. ತಂಗಿ ಅದರ ಹಾಳೆಯನ್ನು ಬಟ್ಟೆ ನೋಡುವಂತೆ ಎರಡು ಬೆರಳ ನಡುವೆ ಉಜ್ಜಿ ನೋಡಿದಳು.

"ಇಷ್ಟು ದಪ್ಪ ಯಾಕೆ ಮಾವ? ಒಳಗೆ ಹತ್ತಿ ತುಂಬಿದಾರಾ?"

"ಚಿತ್ರ ಜಾಸ್ತಿ, ಸಾವು ಕಡಿಮೆ," ಎಂದ ಬಡಗಿ. "ಮೊದಲು ಕತ್ತಿ ತಾಗಿದ್ರೆ ಕಥೆ ಮುಗೀತಿತ್ತು. ಈಗ ಮೂರು ಸಲ ಕೇಳ್ಕೊಂಡು ಸಾಯಿಸ್ಬೇಕಂತೆ."

ಅಣ್ಣನ ಕಿವಿ ಇತ್ತ ಇರಲಿಲ್ಲ. ಅವನು ಪುಸ್ತಕವನ್ನು ಕಿತ್ತುಕೊಂಡು ಏನನ್ನೋ ಹುಡುಕುತ್ತಿದ್ದ. ಮೂರು ವರ್ಷದ ಹಿಂದೆ, ಆಟದಲ್ಲಿ ಕಣಿವೆ ಇಳಿಯುವಾಗ ಇಬ್ಬರ ಭಾರಕ್ಕೆ ಹಗ್ಗ ಹರಿಯುವಂತಾಗಿ, ಅವನ ವೀರ ತನ್ನ ಕೆಳಗೆ ನೇತಾಡುತ್ತಿದ್ದ ತಂಗಿಯ ಬಿಲ್ಲುಗಾತಿಯ ಹಗ್ಗವನ್ನು ಕತ್ತರಿಸಿಬಿಟ್ಟಿದ್ದ. ಆರು ಆಳಿಗಿಂತ ಎತ್ತರದಿಂದ ಬಿದ್ದರೆ ಸಾವೇ, ದಾಳವೂ ಬೇಡ ಎಂದಿತ್ತು ಹಳೆಯ ಪುಸ್ತಕ. ಅಂದಿನಿಂದ ಮನೆಯಲ್ಲಿ ಅವನು ಏಣಿ ಹಿಡಿಯಲು ಬಂದರೂ ಸಾಕು, "ನೀನು ದೂರ ನಿಲ್ಲಪ್ಪ, ನಿನ್ನ ಕೈಗುಣ ಗೊತ್ತು," ಎನ್ನುತ್ತಿದ್ದಳು ತಂಗಿ. ನಗುತ್ತಲೇ ಅನ್ನುತ್ತಿದ್ದಳು, ಆದರೆ ಅನ್ನುವುದನ್ನು ಬಿಟ್ಟವಳಲ್ಲ. ಆ ಒಂದು ಮಾತಿನಿಂದ ಪಾರಾದರೆ ಸಾಕಾಗಿತ್ತು ಅವನಿಗೆ.

"ಮಾವ, ಇಲ್ಲಿ ನೋಡಿ! ಎಷ್ಟೇ ಎತ್ತರದಿಂದ ಬಿದ್ರೂ ದಾಳ ಹಾಕ್ಬೇಕು, ಒಂದಾಳಿಗೆ ಒಂದು. ಬಂದ ಅಂಕದಷ್ಟು ಪೆಟ್ಟು. ಕೆಳಗೆ ನೀರಿದ್ರೆ ಪೆಟ್ಟು ಅರ್ಧ. ಆ ಕಣಿವೇಲಿ ಹೊಳೆ ಇತ್ತು ತಾನೇ?"

"ಇತ್ತು. ಆದ್ರೆ ಹೋದೋಳು ಹೋದ್ಲಲ್ಲೋ. ಮಣ್ಣು ಮಾಡಿದ ಮೇಲೆ ನಾಡಿ ಹಿಡಿದು ನೋಡ್ತೀಯಾ?"

"ಒಂದೇ ಒಂದ್ಸಲ ಹಾಕ್ಲಿ. ನಿಮ್ಮ ಕಾಲಿಗೆ ಬೇಕಾದ್ರೆ ಬೀಳ್ತೀನಿ."

"ನೀನ್ಯಾಕೆ ಬೀಳ್ತೀಯ? ಬೇರೆಯೋರನ್ನ ಬೀಳಿಸಿ ಅಭ್ಯಾಸ ಇರೋನು," ಎಂದಳು ತಂಗಿ. ಆದರೂ ಕೈ ಚಾಚಿದಳು.

ಕಣಿವೆ ಹನ್ನೆರಡು ಆಳು ಆಳ. ಬಿಲ್ಲುಗಾತಿಗೆ ಆಗ ಉಳಿದಿದ್ದ ಜೀವದ ಅಂಕ ಇಪ್ಪತ್ತೆರಡು. ಬಡಗಿ ತಾನೇ ಕಡೆದ ಹನ್ನೆರಡು ದಾಳಗಳನ್ನು ಅವಳ ಬೊಗಸೆಗೆ ಸುರಿದ. ಅವಳು ಕಣ್ಣು ಮುಚ್ಚಿ ಉರುಳಿಸಿದಳು. ಅಣ್ಣ ಬೆರಳಿಟ್ಟು ಕೂಡಿಸಿದ. ನಂಬಿಕೆಯಾಗದೆ ಮತ್ತೊಮ್ಮೆ ಕೂಡಿಸಿದ. ನಲವತ್ತೆರಡು. ಅರ್ಧ ಇಪ್ಪತ್ತೊಂದು. ಒಂದು ಅಂಕದ ಜೀವ ಮಿಕ್ಕಿತ್ತು.

"ಬದುಕಿದ್ಲು!" ಅವನು ಗುದ್ದಿದ ರಭಸಕ್ಕೆ ಬೆಂಚಿನ ಮೇಲಿನ ಮರದ ಪುಡಿ ಎದ್ದಿತು. "ನಾನು ಕೊಂದಿಲ್ಲ! ಇನ್ನು ಜನ್ಮದಲ್ಲಿ ಆ ಮಾತು ಆಡೋ ಹಾಗಿಲ್ಲ ನೀನು!"

"ಇಲ್ಲಪ್ಪ, ಆಡಲ್ಲ," ಎಂದು ತಂಗಿ ಒಂದೊಂದೇ ದಾಳವನ್ನು ಎತ್ತಿಕೊಂಡಳು. ಆಮೇಲೆ ಕತ್ತೆತ್ತಿದಳು. "ಹಾಗಾದ್ರೆ ಮೂರು ವರ್ಷದಿಂದ ಆ ಹೊಳೆ ದಂಡೇಲಿ ಕಾಲು ಮುರ್ಕೊಂಡು ಬಿದ್ದಿದೀನಿ ಅಂತಾಯ್ತು. ಒಂದ್ಸಲನಾದ್ರೂ ಬಗ್ಗಿ ನೋಡಿದ್ಯಾ ಅಣ್ಣ?"

ಅಣ್ಣ ಪುಸ್ತಕ ಮುಚ್ಚಿದ. ಬಡಗಿಯ ಕಡೆ ತಿರುಗಿದ.

"ಮಾವ, ಅಂಗಡಿಯೋರು ಈ ಪುಸ್ತಕ ವಾಪಸ್ ತಗೋತಾರಾ?"