ಉಳಿದ ಅರ್ಧ

"ಸಿಕ್ತು ಕಣೇ!" ಎಣ್ಣೆ ಪರೀಕ್ಷಿಸುವ ಯಂತ್ರದ ಮುಂದೆ ಕೂತಿದ್ದ ಗಂಡ ಕೂಗಿದ. "ಹೃದಯಕ್ಕೆ ಇಷ್ಟು ಒಳ್ಳೇ ಎಣ್ಣೆ ಯಾವ ಸೂರ್ಯಕಾಂತಿಯಲ್ಲೂ ನೋಡಿಲ್ಲ. ಇನ್ನಾದ್ರೂ ಕರಿದದ್ದು ಹಾಕ್ತೀಯೋ, ಬೇಯಿಸಿದ್ದೇ ಗತಿಯೋ?"

ಎದೆಯ ಆಪರೇಷನ್ ಆದಾಗಿನಿಂದ ಅವನ ತಟ್ಟೆಗೆ ಕರಿದದ್ದು ಬಿದ್ದಿರಲಿಲ್ಲ. ಅವಳು ನಗುತ್ತಲೇ ಬಿತ್ತನೆಗೆ ಎತ್ತಿಟ್ಟ ಚೂರುಗಳ ಡಬ್ಬಿ ತೆರೆದಳು. ಒಂದೊಂದು ಬೀಜವನ್ನೂ ಎರಡಾಗಿ ಕತ್ತರಿಸುವುದು ಅವಳ ಕೆಲಸ: ಮೊಂಡು ಅರ್ಧ ಅವನ ಪರೀಕ್ಷೆಗೆ, ಮೊಳಕೆ ಅಡಗಿರುವ ಚೂಪು ಅರ್ಧ ಬಿತ್ತನೆಗೆ. ವರ್ಷಗಟ್ಟಲೆ ತಳಿ ಬೆರೆಸಿದ್ದು ಇಂಥದ್ದೊಂದು ಬೀಜಕ್ಕಾಗಿ. ಆ ಬೀಜದ ಉಳಿದ ಅರ್ಧವನ್ನು ಅಂಗೈಗೆ ಹಾಕಿಕೊಂಡು ಬೆರಳಿನಿಂದ ಸವರಿದಳು. ಚೂಪು ಎಲ್ಲೂ ತಾಗಲಿಲ್ಲ.

"ರೀ... ಮೊಳಕೆ ಇರೋ ಕಡೇನೇ ನಿಮಗೆ ಕೊಟ್ಟುಬಿಟ್ಟಿದ್ದೀನಿ. ಇತ್ತೀಚೆಗೆ ಕಣ್ಣು ಮಂಜಾಗ್ತಿದೆ, ಹೇಳಿರ್ಲಿಲ್ಲ."

ಅವನು ಅದನ್ನು ಪರೀಕ್ಷೆಗೆಂದು ಆಗಲೇ ಅರೆದು ಮುಗಿಸಿದ್ದ. ಅವಳ ಅಂಗೈಯನ್ನು ಭೂತಗನ್ನಡಿಯ ಕೆಳಗೆ ಎಳೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಕುಂಡದ ಮಣ್ಣಿನಲ್ಲಿ ಬೆರಳೊತ್ತಿ ಗುಳಿ ಮಾಡಿ, "ಹಾಕು" ಅಂದ.

ಹಾಕಿದಳು. ಅದು ಹುಟ್ಟುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಮಣ್ಣು ಮುಚ್ಚಿ ನೀರು ಚಿಮುಕಿಸಿದ.

"ಬೇಯಿಸಿದ್ದೇ ಸಾಕು ಬಿಡೇ," ಅಂದ. "ಅಭ್ಯಾಸ ಆಗಿಹೋಗಿದೆ."