ಒಂದು ಕಣ್ಣು ಮುಚ್ಚಿ

"ಈಗ ಎಲ್ಲರೂ ಎಡಗಣ್ಣು ಮುಚ್ಕೊಂಡು ಮುಂದಿರೋ ಹೂಜಿ ಬರೀರಿ. ಆಮೇಲೆ ಅದನ್ನೇ ಬಲಗಣ್ಣು ಮುಚ್ಕೊಂಡು. ಅಪ್ಪ ಅಮ್ಮಂದಿರೂ ಅಷ್ಟೇ, ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದಳು ಕಲಾ ಸಂಗ್ರಹಾಲಯದ ಶಿಕ್ಷಕಿ. ಕುಟುಂಬಗಳಿಗೆ ಅಂದು ಪ್ರವೇಶ ಉಚಿತ. ಉದ್ದನೆಯ ಕೋಣೆ, ಮೇಜಿಗೊಂದು ಹೂಜಿ, ತಲೆಗೊಂದು ಪೆನ್ಸಿಲ್.

ಶಾಲಾ ವ್ಯಾನಿನ ಡ್ರೈವರ್ ಆಗಲೇ ಬಾಗಿಲ ಕಡೆ ನೋಡುತ್ತಿದ್ದ. "ಹೊರಡೋಣ್ವಾ? ವ್ಯಾನ್ ಬಿಸಿಲಲ್ಲಿ ನಿಂತಿದೆ."

"ನಿಂತ್ರೆ ಕರಗಿ ಹೋಗುತ್ತಾ?" ಎಂದಳು ಹೆಂಡತಿ. "ಮುಳ್ಳಿನ ಮೇಲೆ ಕೂತ ಹಾಗೆ ಆಡ್ಬೇಡಿ. ಬರೀರಿ."

ಮೊದಲನೆಯ ಹೂಜಿ ತಕ್ಕಮಟ್ಟಿಗೆ ಬಂತು. ಎರಡನೆಯದಕ್ಕೆ ಅವನು ಬಲಗಣ್ಣು ಮುಚ್ಚಿದ, ತಕ್ಷಣ ತೆರೆದ. ಮತ್ತೆ ಮುಚ್ಚಿದ, ಮತ್ತೆ ತೆರೆದ. ಮೇಜಿನಡಿ ಕಾಲು ಒಂದೇ ಸಮನೆ ಕುಣಿಯುತ್ತಿತ್ತು.

"ಅಪ್ಪಂದು ಕಳ್ಳಾಟ! ಕಣ್ಣು ಬಿಡ್ತಿದಾನೆ!" ಮಗಳು ಕೂಗಿದಳು.

ಪಕ್ಕದ ಮೇಜಿನವರು ನಕ್ಕರು. ಹೆಂಡತಿಯೂ ನಗುತ್ತಲೇ ಅವನ ಬೆನ್ನ ಹಿಂದೆ ಬಂದು ಬಲಗಣ್ಣಿನ ಮೇಲೆ ಅಂಗೈ ಒತ್ತಿದಳು. "ಈಗ ಬರೀರಿ ನೋಡೋಣ."

ಅವನು ಬರೆದ. ಪೆನ್ಸಿಲ್ ಕಾಗದ ದಾಟಿ ಮೇಜಿನ ಮೇಲೆ ಗೀಚಿತು. ಅವಳ ನಗು ನಿಂತಿತು. ಇನ್ನೊಂದು ಕೈ ಚಾಚಿ ಹೂಜಿಯನ್ನು ಸದ್ದಿಲ್ಲದೆ ಎತ್ತಿ ಕೆಳಗಿಟ್ಟಳು. ಅವನು ತಲೆಯೆತ್ತಿ ಖಾಲಿ ಜಾಗವನ್ನು ದಿಟ್ಟಿಸಿದ. ಮತ್ತೆ ಬಗ್ಗಿ ಬರೆಯತೊಡಗಿದ.

"ಅಮ್ಮಾ, ಹೂಜಿ ಯಾಕೆ ಎತ್ತಿದೆ? ನಂದಿನ್ನೂ ಮುಗಿದಿಲ್ಲ!"

ಪೆನ್ಸಿಲ್ ನಿಂತಿತು.

"ಯಾವಾಗಿಂದ?" ಅವಳು ಅವನ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

"ಮೆಲ್ಲಗೆ ಮಾತಾಡು. ರಜೆ ಮುಗಿದು ಶಾಲೆ ಶುರುವಾದಾಗಿಂದ. ಇನ್ನೊಂದು ಕಣ್ಣು ಸರಿಯಾಗೇ ಇದೆಯಲ್ಲೇ. ಇಷ್ಟು ದಿನದಲ್ಲಿ ವ್ಯಾನಿಗೆ ಒಂದು ಗೀರು ಬಿದ್ದಿದೆಯಾ, ಹೇಳು."

"ಗೀರು ಬೀಳೋ ತನಕ ಕಾಯ್ಬೇಕಾ? ಕಂಡೋರ ಮಕ್ಕಳನ್ನೆಲ್ಲ ತುಂಬ್ಕೊಂಡು ಹೋಗ್ತೀರಿ. ಇವಳೂ ಅದರಲ್ಲೇ."

"ಬಾಯಿಬಿಟ್ರೆ ಕೆಲಸ ಹೋಗುತ್ತೆ. ಆಮೇಲೇನು, ಹೂಜಿ ಬರ್ಕೊಂಡು ಕೂರೋದಾ?"

ಅವಳು ಅವನ ಕಣ್ಣಿನ ಮೇಲಿಂದ ಅಂಗೈ ತೆಗೆದಳು. ಹೂಜಿಯನ್ನು ಮಗಳ ಮುಂದಿಟ್ಟು, ಅವನ ಎಡಗಡೆ ನಿಂತು ಕೈ ಚಾಚಿದಳು.

"ವ್ಯಾನಿನ ಕೀ ಕೊಡಿ."

ಅವನು ಪೆನ್ಸಿಲನ್ನು ಮೇಜಿನ ಮೇಲಿಟ್ಟ. ಜೇಬಿನಿಂದ ಕೀಲಿ ತೆಗೆದ. ಅವಳ ಕೈ ಎಲ್ಲಿದೆಯೆಂದು ನೋಡಲು ಗಲ್ಲ ಭುಜಕ್ಕೆ ತಾಗುವಷ್ಟು ಕುತ್ತಿಗೆ ತಿರುಗಿಸಿದ.